ಕಾಸರಕೋಡಿನ ಹೊಯ್ಗೆಯೂ ನನ್ನ ಬಗ್ಗಿಯ ಗೇರೂ

ರಿಮೋಟ್ ಬಗ್ಗಿಗೆ ದೊಡ್ಡ ಮೋಟರ್ ಹಾಕಬೇಕು ಅನ್ನುವವರು ಯಾರೇ ಸಿಕ್ಕರೂ ನಾನು ಮೊದಲು ಕೇಳುವುದು ಒಂದೇ: ಓಡಿಸುವುದು ಎಲ್ಲಿ? ಟಾರು ರಸ್ತೆಯಲ್ಲೋ ಶಾಲೆಯ ಮೈದಾನದಲ್ಲೋ ಆದರೆ ಲೆಕ್ಕ ಬೇರೆ. ಕರಾವಳಿಯ ನಮ್ಮ ಕಾಸರಕೋಡಿನ ಹೊಯ್ಗೆಯಲ್ಲಾದರೆ ಮೋಟರ್ ಎಲ್ಲಕ್ಕಿಂತ ಕೊನೆಗೆ ಕೊಳ್ಳುವ ಸಾಮಾನು. ಚಕ್ರದಿಂದ ಶುರು ಮಾಡಿ ಮೋಟರಿನ ಕಡೆ ಬರಬೇಕು.

ನನ್ನದು 1:10 ಅಳತೆಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಬಗ್ಗಿ. ಬರುವಾಗ ಇದ್ದದ್ದು 540 ಗಾತ್ರದ ಬ್ರಷ್ ಮೋಟರ್. ಅದರ ಜಾಗಕ್ಕೆ 3000 ಕೆವಿಯ ಬ್ರಷ್‌ಲೆಸ್ ಮೋಟರ್ ಬಂತು, ಜೊತೆಗೆ ಅದಕ್ಕೆ ಹೊಂದುವ, ವೇಗ ನಿಯಂತ್ರಿಸುವ ಇಎಸ್‌ಸಿ. ಒಂದು ವೋಲ್ಟಿಗೆ ಮೋಟರ್ ಹೊರೆಯಿಲ್ಲದೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಕೆವಿ. 7.4 ವೋಲ್ಟಿನ ಎರಡು ಸೆಲ್ ಲಿಪೋ ಬ್ಯಾಟರಿಗೆ 22,200 ಸುತ್ತು. ಸ್ಪರ್ ಗೇರಿಗೆ 70 ಹಲ್ಲು, ಮೋಟರಿನ ತುದಿಯ ಪಿನಿಯನ್‌ಗೆ 17, ಒಳಗಿನ ಗೇರುಗಳ ಅನುಪಾತ 2.6, ಎಲ್ಲ ಸೇರಿ ಮೋಟರ್ 10.7 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು. 85 ಮಿಲಿಮೀಟರ್ ಚಕ್ರಕ್ಕೆ ಕಾಗದದ ಮೇಲೆ ಗಂಟೆಗೆ 33 ಕಿಲೋಮೀಟರ್. ಮೂರು ಸೆಲ್ ಆದರೆ 50. ಒಣ ಹೊಯ್ಗೆಯ ಮೇಲೆ ಈ ಲೆಕ್ಕ ನಿಲ್ಲುವುದಿಲ್ಲ. ಚಕ್ರ ಹೂತುಕೊಂಡಾಗ ಮೋಟರ್ ಆಂಪಿಯರ್ ಎಳೆಯುತ್ತಲೇ ಹೋಗುತ್ತದೆ, ಓಟಕ್ಕೆ ಹೋಗಬೇಕಾದದ್ದು ಬಿಸಿಯಾಗಿ ಹೋಗುತ್ತದೆ. ಬಿಸಿ ಮಿತಿ ಮೀರಿದರೆ ಒಳಗಿನ ನಿಯೋಡೈಮಿಯಂ ಅಯಸ್ಕಾಂತ ಶಾಶ್ವತವಾಗಿ ಬಲ ಕಳೆದುಕೊಳ್ಳುತ್ತದೆ. ನಾನು 80 ಡಿಗ್ರಿ ಸೆಲ್ಸಿಯಸ್ ದಾಟಲು ಬಿಡುವುದಿಲ್ಲ. ಆ ಬಿಸಿ ಅಳೆಯಲು ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಆಗದು. ಅದು ದೇಹದ ತಾಪಕ್ಕಷ್ಟೇ.

ನಮ್ಮೂರಿನ ಟೊಂಕದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ಪರಿಚಯದವರೊಬ್ಬರು ಬಗ್ಗಿಯನ್ನು ತಿರುಗಿಸಿ ನೋಡಿ, "ಎಂಜಿನ್ ಬದಲಿಸಿ ಫ್ಯಾನ್ ಹಳೆಯದೇ ಇಟ್ಟರೆ ಹೇಗೆ?" ಅಂದರು. ನೀರು ತಳ್ಳುವ ಫ್ಯಾನ್ ಎಂಜಿನ್ನಿಗೂ ಹೊರೆಗೂ ಒಪ್ಪಬೇಕು. ಇಲ್ಲಿ ಆ ಕೆಲಸ ಪಿನಿಯನ್‌ನದು. 17ರ ಬದಲು 14 ಹಲ್ಲಿನದು ಹಾಕಿದೆ. ಅನುಪಾತ 13ಕ್ಕೆ ಏರಿತು, ಲೆಕ್ಕದ ವೇಗ 27ಕ್ಕೆ ಇಳಿಯಿತು. ಆದರೆ ಗಾಳಿಮರಗಳ ಬುಡದ ಸಡಿಲ ಹೊಯ್ಗೆಯನ್ನು ಬಗ್ಗಿ ನಿಲ್ಲದೆ ಹತ್ತಿತು. ಇಷ್ಟು ಸುಖವನ್ನು ಯಾವ ದುಬಾರಿ ಮೋಟರೂ ನನಗೆ ಕೊಟ್ಟಿಲ್ಲ.

ಪಿನಿಯನ್ ಕೂರಿಸುವುದಕ್ಕೆ ಕೈ ಪಳಗಬೇಕು. ನೋಟ್‌ಬುಕ್ಕಿನ ಹಾಳೆಯಿಂದ ಸಣ್ಣ ಪಟ್ಟಿ ಕತ್ತರಿಸಿ ಎರಡು ಗೇರುಗಳ ನಡುವೆ ಸೇರಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಬೇಕು. ಆಮೇಲೆ ಗೇರು ತಿರುಗಿಸಿದರೆ ಪಟ್ಟಿ ತಾನಾಗಿ ಹೊರಬರುತ್ತದೆ. ಅದರ ಮೇಲೆ ಹಲ್ಲಿನ ಮಡಿಕೆ ಸ್ಪಷ್ಟವಾಗಿ ಮೂಡಿ, ಕಾಗದ ಎಲ್ಲೂ ಹರಿಯದಿದ್ದರೆ ಸರಿ. ಹರಿದಿದ್ದರೆ ಬಿಗಿ, ಮಡಿಕೆ ಮಸುಕಾಗಿದ್ದರೆ ಸಡಿಲ. ಸಡಿಲವಾದರೆ ಬ್ರಷ್‌ಲೆಸ್ ಮೋಟರಿನ ಒಂದೇ ಎಳೆತಕ್ಕೆ ಸ್ಪರ್ ಗೇರಿನ ಹಲ್ಲು ಬೋಳಾಗುತ್ತದೆ. ತೆರೆದ ಗೇರಿಗೆ ಗ್ರೀಸ್ ಬೇಡವೇ ಬೇಡ. ಗ್ರೀಸಿಗೆ ಹೊಯ್ಗೆ ಅಂಟಿ ಬೂದುಬಣ್ಣದ ಲೇಹ್ಯವಾಗುತ್ತದೆ, ವಾಲ್ವ್ ಅರೆಯುವ ಪೇಸ್ಟಿನಂತೆ ಹಲ್ಲನ್ನು ತಿನ್ನುತ್ತದೆ.

ಶಕ್ತಿ ಹೆಚ್ಚಾದಾಗ ಮುರಿಯುವುದು ಮುಂದಿನ ಬಡಪಾಯಿ ಭಾಗ. ಚಕ್ರಕ್ಕೆ ಶಕ್ತಿ ಒಯ್ಯುವ ಪ್ಲಾಸ್ಟಿಕ್ ಡಾಗ್‌ಬೋನ್ ಹೋಗಿ ಉಕ್ಕಿನ ಸಿವಿಡಿ ಶಾಫ್ಟ್ ಬಂದಿತು. ಅದಾದ ಮೇಲೂ ಸ್ಪರ್ ಗೇರನ್ನು ನೈಲಾನ್‌ನದೇ ಇಟ್ಟಿದ್ದೇನೆ. ಎಲ್ಲವನ್ನೂ ಉಕ್ಕು ಮಾಡಿದರೆ ಪೆಟ್ಟು ನೇರ ಡಿಫರೆನ್ಷಿಯಲ್‌ಗೆ ಹೋಗುತ್ತದೆ, ಅದರ ಖರ್ಚು ಹೆಚ್ಚು. ಡಿಫರೆನ್ಷಿಯಲ್‌ನೊಳಗೆ ಸಿಲಿಕೋನ್ ಎಣ್ಣೆ ತುಂಬಬೇಕು. ಇಲ್ಲವಾದರೆ ಹಿಡಿತ ತಪ್ಪಿದ ಚಕ್ರವೇ ಶಕ್ತಿಯನ್ನೆಲ್ಲ ಕಬಳಿಸಿ ಸುಮ್ಮನೆ ಹೊಯ್ಗೆ ತೋಡುತ್ತದೆ. ಮುಂದೆ 10,000, ಹಿಂದೆ 5,000 ಸಿಎಸ್‌ಟಿ ಮಂದದ ಎಣ್ಣೆ ನನ್ನ ಬಗ್ಗಿಗೆ ಹೊಂದಿದೆ.

ಉಪ್ಪಿನ ಕಾಟ ಬೇರೆಯೇ. ಲೋಹದ ಮುಚ್ಚಳದ ಬೇರಿಂಗ್ ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ರಬ್ಬರ್ ಸೀಲಿನದೇ ಆಗಬೇಕು. ಓಡಿಸಿದ ದಿನವೇ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ.

ಎಲ್ಲಿ ಓಡಿಸಬಾರದು ಎಂಬುದನ್ನೂ ಹೇಳಲೇಬೇಕು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ನಮ್ಮ ಬೀಚಿನೊಳಗೆ ಬಗ್ಗಿ ಒಯ್ಯುವುದಿಲ್ಲ; ಅಲ್ಲಿ ಮಕ್ಕಳು ಓಡಾಡುತ್ತಾರೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವ ಟೊಂಕದ ದಡವಂತೂ ಬೇಡವೇ ಬೇಡ. ಈಗಷ್ಟೇ ಹೊರಬಂದ ಮರಿಗೆ ಚಕ್ರದ ಸಣ್ಣ ಜಾಡೂ ಕಾಲುವೆಯೇ. ಅದರಲ್ಲಿ ಸಿಕ್ಕಿ ದಾರಿ ತಪ್ಪಿದರೆ ಕಡಲು ಮುಟ್ಟುವ ಮೊದಲೇ ಕಾಗೆ, ನಾಯಿಗಳ ಪಾಲು. ಆ ತಿಂಗಳುಗಳಲ್ಲಿ ತೋಟದ ಬದಿಯ ಖಾಲಿ ಜಾಗವೇ ನನಗೆ ಸಾಕು.

ಜೂನ್ ಬಂದರೆ ಬಗ್ಗಿ ಪೂರ್ತಿ ಬಿಚ್ಚಿ ಕೂರುತ್ತೇನೆ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಎತ್ತಿಡುತ್ತೇನೆ. ಈ ಮಳೆಗಾಲದಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ ಇನ್ನಷ್ಟು ಮಂದದ ಎಣ್ಣೆ ತುಂಬಿ ನೋಡುವವನಿದ್ದೇನೆ.