ಎಷ್ಟು ಅಡಿ, ಎಷ್ಟು ಇಂಚು? ಪೀಜೋಗೆ ಹೈ ವೋಲ್ಟೇಜ್ ಚಿಪ್ ಆರಿಸುವ ಲೆಕ್ಕ



ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಕೆಪಾಸಿಟರ್ ಪಾಠ ಬರುತ್ತದೆ. ಚಾರ್ಜ್ ಎಂದರೆ ಕೆಪಾಸಿಟೆನ್ಸ್ ಗುಣಿಸು ವೋಲ್ಟೇಜ್ ಎಂದು ಎಲ್ಲರೂ ಕಂಠಪಾಠ ಮಾಡುತ್ತೇವೆ. ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವವರಿಗೆ ಇದೇ ಸೂತ್ರ ಹೇಗೆ ನೆರವಾಗುತ್ತದೆ ಎಂದು ಈ ಬಾರಿ ನೋಡೋಣ.

ಪೀಜೋ ಎನ್ನುವುದು ಒಂದು ಬಗೆಯ ಸೆರಾಮಿಕ್. ಅದಕ್ಕೆ ವೋಲ್ಟೇಜ್ ಕೊಟ್ಟರೆ ಸ್ವಲ್ಪ ಬಾಗುತ್ತದೆ ಅಥವಾ ಉಬ್ಬುತ್ತದೆ. ಬಜರ್‌ನಲ್ಲಿ, ಕೆಲವು ಇಂಕ್‌ಜೆಟ್ ಪ್ರಿಂಟರ್‌ಗಳಲ್ಲಿ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದಲ್ಲಿ ಇರುವುದು ಇದೇ. ಎರಡು ಲೋಹದ ಪದರಗಳ ನಡುವೆ ಸೆರಾಮಿಕ್ ಇರುವುದರಿಂದ ಸರ್ಕ್ಯೂಟ್‌ನ ಕಣ್ಣಿಗೆ ಅದೊಂದು ಕೆಪಾಸಿಟರ್. ಚೆನ್ನಾಗಿ ಬಾಗಬೇಕಾದರೆ ಹಲವು ಪೀಜೋಗಳಿಗೆ ಹತ್ತಾರು, ಕೆಲವಕ್ಕೆ ನೂರಾರು ವೋಲ್ಟ್ ಬೇಕು. ಸಾಮಾನ್ಯ ಆಪ್-ಆಂಪ್ ಚಿಪ್ ಸುಮಾರು 30 ವೋಲ್ಟ್‌ಗೇ ನಿಲ್ಲುತ್ತದೆ. ಆದ್ದರಿಂದ ಹೈ ವೋಲ್ಟೇಜ್ ಚಿಪ್ ಬೇಕಾಗುತ್ತದೆ.

ಹೆಚ್ಚಿನವರು ಇಲ್ಲಿ ವೋಲ್ಟೇಜ್ ಒಂದನ್ನೇ ನೋಡಿ ಚಿಪ್ ತರಿಸುತ್ತಾರೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ರೈತರು ಬೋರ್‌ವೆಲ್ ಮೋಟಾರ್ ಕೊಳ್ಳುವಾಗ ಹಾಗೆ ಮಾಡುವುದಿಲ್ಲ. ಎಷ್ಟು ಅಡಿಯಿಂದ ನೀರು ಎತ್ತಬೇಕು, ಎಷ್ಟು ಇಂಚು ನೀರು ಬರಬೇಕು ಎಂದು ಎರಡನ್ನೂ ಕೇಳುತ್ತಾರೆ. ಅಡಿ ಎಂದರೆ ವೋಲ್ಟೇಜ್, ಇಂಚು ಎಂದರೆ ಕರೆಂಟ್ ಎಂದುಕೊಳ್ಳಿ.

ಮೊದಲನೆಯದು ವೋಲ್ಟೇಜ್. ನಮ್ಮ ಪೀಜೋ 20 ನ್ಯಾನೋಫ್ಯಾರಡ್‌ನದು, ಅದಕ್ಕೆ ತುದಿಯಿಂದ ತುದಿಗೆ 80 ವೋಲ್ಟ್‌ನ ಸೈನ್ ತರಂಗ ಕೊಡಬೇಕು ಎಂದಿರಲಿ. ಚಿಪ್‌ನ ಔಟ್‌ಪುಟ್ ಸಪ್ಲೈವರೆಗೂ ಪೂರ್ತಿ ಮುಟ್ಟುವುದಿಲ್ಲ. ಆದ್ದರಿಂದ 100 ವೋಲ್ಟ್ ಸಪ್ಲೈ ಇಟ್ಟುಕೊಳ್ಳೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಒಪಿಎ454 ಚಿಪ್ 100 ವೋಲ್ಟ್ ತಡೆಯುತ್ತದೆ. ಈ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಪೀಜೋದ ಮಿತಿಯನ್ನೂ ನೋಡಿ. ಅಗ್ಗದ ಬಜರ್ ಬಿಲ್ಲೆಗಳು ಸಾಮಾನ್ಯವಾಗಿ ಇಷ್ಟು ವೋಲ್ಟೇಜ್‌ಗೆ ಮಾಡಿದವಲ್ಲ.

ಎರಡನೆಯದು ವೇಗ. ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿನಲ್ಲಿ ಎಷ್ಟು ವೋಲ್ಟ್ ಏರಬಲ್ಲದು ಎಂಬುದೇ ಸ್ಲ್ಯೂ ರೇಟ್.

ಬೇಕಾದ ವೇಗ = ಪೈ × ಫ್ರೀಕ್ವೆನ್ಸಿ × ತುದಿಯಿಂದ ತುದಿಗೆ ವೋಲ್ಟೇಜ್

1 ಕಿಲೋಹರ್ಟ್ಸ್‌ನಲ್ಲಿ ಇದು ಮೈಕ್ರೋಸೆಕೆಂಡಿಗೆ 0.25 ವೋಲ್ಟ್. ಒಪಿಎ454 ಮೈಕ್ರೋಸೆಕೆಂಡಿಗೆ 13 ವೋಲ್ಟ್ ಏರಬಲ್ಲದು. ತೊಂದರೆ ಇಲ್ಲ.

ಮೂರನೆಯದು ಕರೆಂಟ್.

ಗರಿಷ್ಠ ಕರೆಂಟ್ = ಕೆಪಾಸಿಟೆನ್ಸ್ × ಬೇಕಾದ ವೇಗ

ಉತ್ತರ 5 ಮಿಲಿಆಂಪಿಯರ್. ಈ ಚಿಪ್ ಸುಮಾರು 50 ಮಿಲಿಆಂಪಿಯರ್ ಕೊಡುತ್ತದೆ. ಇದೂ ಪಾಸ್.

ಈಗ ಫ್ರೀಕ್ವೆನ್ಸಿಯನ್ನು 20 ಕಿಲೋಹರ್ಟ್ಸ್‌ಗೆ ಏರಿಸಿ. ವೋಲ್ಟೇಜ್ ಅಷ್ಟೇ ಇದೆ. ವೇಗ ಮೈಕ್ರೋಸೆಕೆಂಡಿಗೆ 5 ವೋಲ್ಟ್, ಅದೂ ಮಿತಿಯೊಳಗೇ ಇದೆ. ಆದರೆ ಕರೆಂಟ್ 100 ಮಿಲಿಆಂಪಿಯರ್ ಬೇಕು. ಅಡಿ ಸಾಕು, ಇಂಚು ಸಾಲದು.

ನಾಲ್ಕನೆಯದು ಬಿಸಿ. ಆದರ್ಶ ಕೆಪಾಸಿಟರ್ ಶಕ್ತಿಯನ್ನು ತಿನ್ನುವುದಿಲ್ಲ, ತೆಗೆದುಕೊಂಡದ್ದನ್ನು ಹಿಂತಿರುಗಿಸುತ್ತದೆ ಎಂದು ಓದಿದ್ದೇವೆ. ಹಾಗಾದರೆ ಸಪ್ಲೈಯಿಂದ ಬಂದ ಶಕ್ತಿ ಎಲ್ಲಿಗೆ ಹೋಯಿತು? ಪೂರ್ತಿ ಚಿಪ್‌ನ ಒಳಗೆ ಶಾಖವಾಗುತ್ತದೆ. ಪ್ರತಿ ಸುತ್ತಿನಲ್ಲೂ ಚಾರ್ಜ್ ಮೇಲಿನ ಸಪ್ಲೈಯಿಂದ ಪೀಜೋಗೆ ಬಂದು, ಪೀಜೋದಿಂದ ಕೆಳಗಿನ ಸಪ್ಲೈಗೆ ಇಳಿಯುತ್ತದೆ. ಎರಡು ಸಲವೂ ಅದು ಚಿಪ್ ಮೂಲಕವೇ ಹಾಯಬೇಕು.

ಬಿಸಿ = ಒಟ್ಟು ಸಪ್ಲೈ × ಕೆಪಾಸಿಟೆನ್ಸ್ × ತುದಿಯಿಂದ ತುದಿಗೆ ವೋಲ್ಟೇಜ್ × ಫ್ರೀಕ್ವೆನ್ಸಿ

1 ಕಿಲೋಹರ್ಟ್ಸ್‌ನಲ್ಲಿ 0.16 ವ್ಯಾಟ್. 20 ಕಿಲೋಹರ್ಟ್ಸ್‌ನಲ್ಲಿ 3.2 ವ್ಯಾಟ್! ಉಗುರಿನಷ್ಟು ಚಿಪ್‌ಗೆ ಹೀಟ್‌ಸಿಂಕ್ ಇಲ್ಲದೆ ಇದು ಸಾಧ್ಯವಿಲ್ಲ. ಇದರ ಜೊತೆಗೆ ಚಿಪ್ ಸುಮ್ಮನಿದ್ದಾಗಲೂ ಸುಮಾರು 3 ಮಿಲಿಆಂಪಿಯರ್ ಎಳೆಯುತ್ತದೆ. 100 ವೋಲ್ಟ್‌ನಲ್ಲಿ ಅದೇ 0.3 ವ್ಯಾಟ್.

ಐದನೆಯದು ಸ್ಥಿರತೆ. ಆಪ್-ಆಂಪ್‌ನ ಔಟ್‌ಪುಟ್‌ಗೆ ನೇರವಾಗಿ ಕೆಪಾಸಿಟರ್ ಜೋಡಿಸಿದರೆ ಫೀಡ್‌ಬ್ಯಾಕ್ ತಡವಾಗಿ ಬಂದು ಚಿಪ್ ತಾನೇ ಆಸಿಲೇಟ್ ಆಗಬಹುದು. ನಡುವೆ ಕೆಲವು ಹತ್ತು ಓಮ್‌ನ ರೆಸಿಸ್ಟರ್ ಹಾಕುವುದು ಸಾಮಾನ್ಯ ಪರಿಹಾರ. ಇನ್ನೊಂದು ಮಾತು: ಪೀಜೋವನ್ನು ತಟ್ಟಿದರೆ ಅದೇ ವೋಲ್ಟೇಜ್ ಹುಟ್ಟಿಸುತ್ತದೆ. ಗ್ಯಾಸ್ ಲೈಟರ್‌ನ ಕಿಡಿ ಹಾಗೆಯೇ ಬರುವುದು. ಔಟ್‌ಪುಟ್‌ನಿಂದ ಎರಡೂ ಸಪ್ಲೈಗಳಿಗೆ ಡಯೋಡ್ ಹಾಕಿದರೆ ಚಿಪ್ ಉಳಿಯುತ್ತದೆ.

ಇನ್ನು ಸ್ಕ್ಯಾನಿಂಗ್ ಯಂತ್ರಕ್ಕೆ ಬರೋಣ. ಬೆಂಗಳೂರಿನಲ್ಲಿ ವಿಪ್ರೋ ಜಿಇ ಇಂಥ ಅಲ್ಟ್ರಾಸೌಂಡ್ ಯಂತ್ರಗಳನ್ನು ತಯಾರಿಸುತ್ತದೆ. ಹೊಟ್ಟೆಯ ಮೇಲೆ ಇಡುವ ಪ್ರೋಬ್‌ನ ತುದಿಯಲ್ಲಿ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಪೀಜೋ ತುಣುಕುಗಳಿರುತ್ತವೆ. ಒಂದು ತುಣುಕು 200 ಪಿಕೋಫ್ಯಾರಡ್ ಎನ್ನೋಣ. ಅದು ನಮ್ಮ ಪೀಜೋದ ನೂರರಲ್ಲಿ ಒಂದು ಪಾಲು ಮಾತ್ರ. ಆದರೆ 3 ಮೆಗಾಹರ್ಟ್ಸ್‌ನಲ್ಲಿ 100 ವೋಲ್ಟ್ ಆಡಿಸಲು ಮೈಕ್ರೋಸೆಕೆಂಡಿಗೆ 942 ವೋಲ್ಟ್ ವೇಗ, 188 ಮಿಲಿಆಂಪಿಯರ್ ಕರೆಂಟ್ ಬೇಕು. ಕೆಪಾಸಿಟರ್ ಸಣ್ಣದಾದ ಮಾತ್ರಕ್ಕೆ ಕೆಲಸ ಸಣ್ಣದಲ್ಲ. ಅದಕ್ಕೇ ಅಲ್ಲಿ ಹೆಚ್ಚಾಗಿ ಪಲ್ಸರ್ ಎಂಬ ಬೇರೆ ಜಾತಿಯ ಚಿಪ್ ಬಳಸುತ್ತಾರೆ. ಅದು ಸ್ವಿಚ್‌ನಂತೆ ಸಪ್ಲೈಗಳ ನಡುವೆ ಹಾರುತ್ತದೆ, ಕ್ಷಣಕಾಲ ಮಿಡಿದು ಪ್ರತಿಧ್ವನಿಗೆ ಕಾಯುತ್ತದೆ. ಹಾಗಾಗಿ ಸರಾಸರಿ ಬಿಸಿ ಕಡಿಮೆ.

ಇಂಥ ಚಿಪ್‌ಗಳು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು ಅಥವಾ ಆನ್‌ಲೈನ್‌ನಲ್ಲಿ ತರಿಸಬೇಕು. ಪ್ರದರ್ಶನದ ಹಿಂದಿನ ದಿನ ಸುಟ್ಟರೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲೇ ಡೇಟಾಶೀಟ್ ಓದಿ, ಈ ಐದು ಸಾಲು ಲೆಕ್ಕ ಮಾಡಿ.

ಎಚ್ಚರಿಕೆ: 100 ವೋಲ್ಟ್ ಡಿಸಿ ಜೀವಕ್ಕೆ ಅಪಾಯ. ಸ್ವಿಚ್ ಆರಿಸಿದ ಮೇಲೂ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿದ ಮೇಲೆಯೇ ಮುಟ್ಟಿ. ಉಪನ್ಯಾಸಕರಿಲ್ಲದೆ ಈ ಪ್ರಯೋಗ ಬೇಡ.

ನಿಮಗೊಂದು ಲೆಕ್ಕ: 10 ನ್ಯಾನೋಫ್ಯಾರಡ್ ಪೀಜೋ, ತುದಿಯಿಂದ ತುದಿಗೆ 60 ವೋಲ್ಟ್, 5 ಕಿಲೋಹರ್ಟ್ಸ್, ಒಟ್ಟು ಸಪ್ಲೈ 80 ವೋಲ್ಟ್. ವೇಗ, ಕರೆಂಟ್, ಬಿಸಿ ಎಷ್ಟು?

ಉತ್ತರ: ಮೈಕ್ರೋಸೆಕೆಂಡಿಗೆ 0.94 ವೋಲ್ಟ್; 9.4 ಮಿಲಿಆಂಪಿಯರ್, 0.24 ವ್ಯಾಟ್.