ನ್ಯಾಫಿಯಾನ್ ಪೊರೆ: ನೀರು ರೂಪಿಸುವ ನ್ಯಾನೊ ರಚನೆ

ಹೈಡ್ರೋಜನ್ ಇಂಧನ ಕೋಶದಲ್ಲಿ ಪ್ರೋಟಾನ್‌ಗಳನ್ನು ದಾಟಿಸಿ ಎಲೆಕ್ಟ್ರಾನ್‌ಗಳನ್ನು ತಡೆಯುವುದು ತೆಳುವಾದ ಪಾಲಿಮರ್ ಪೊರೆ. ಇದರ ಪ್ರಸಿದ್ಧ ಉದಾಹರಣೆ ನ್ಯಾಫಿಯಾನ್. 1960ರ ದಶಕದ ಕೊನೆಯಲ್ಲಿ ಇದನ್ನು ಅಭಿವೃದ್ಧಿಪಡಿಸಿದವರು ಅಮೆರಿಕದ ಡುಪಾಂಟ್ ಕಂಪನಿಯ ವಾಲ್ಟರ್ ಗ್ರಾಟ್.

ಮುಖ್ಯಾಂಶಗಳು

• ರಚನೆ: ಟೆಫ್ಲಾನ್ ಮಾದರಿಯ ಮುಖ್ಯ ಸರಪಳಿ ಜಲವಿಕರ್ಷಕ, ಪಾರ್ಶ್ವ ಸರಪಳಿಗಳ ತುದಿಯಲ್ಲಿರುವ ಸಲ್ಫೋನಿಕ್ ಆಮ್ಲ ಗುಂಪುಗಳು ಜಲಾಕರ್ಷಕ.

• ನೀರಿನ ಪಾತ್ರ: ಒಣ ಪೊರೆಯಲ್ಲಿ ಆಮ್ಲ ಗುಂಪುಗಳು ಚಿಕ್ಕ ಗುಚ್ಛಗಳಾಗಿ ಚದುರಿರುತ್ತವೆ. ನೀರು ಹೀರಿದಂತೆ ಗುಚ್ಛಗಳು ಉಬ್ಬಿ, ಒಂದಕ್ಕೊಂದು ಕೂಡಿ, ಪ್ರೋಟಾನ್‌ಗಳಿಗೆ ನಿರಂತರ ದಾರಿ ಏರ್ಪಡುತ್ತದೆ. ಆಗ ವಾಹಕತೆ ತೀವ್ರವಾಗಿ ಏರುತ್ತದೆ.

• ಮಾದರಿಗಳು: ಪೊರೆಯ ಒಳರಚನೆಯನ್ನು ವಿವರಿಸುವ ಗಿಯರ್ಕೆ ಮಾದರಿಯ ಪ್ರಕಾರ ಸುಮಾರು 4 ನ್ಯಾನೊಮೀಟರ್ ಗುಚ್ಛಗಳನ್ನು 1 ನ್ಯಾನೊಮೀಟರ್ ಕಾಲುವೆಗಳು ಜೋಡಿಸುತ್ತವೆ. 2008ರಲ್ಲಿ ಸಂಶೋಧಕರಾದ ಶ್ಮಿಟ್-ರೋರ್ ಮತ್ತು ಚೆನ್ ಸಮಾಂತರ ನೀರಿನ ಕೊಳವೆಗಳ ಮಾದರಿಯನ್ನು ಮಂಡಿಸಿದರು.

• ಪ್ರೋಟಾನ್ ಚಲನೆ: ನೀರಿನ ಅಣುವಿನೊಂದಿಗೆ ಸಾಗುವುದು ವಾಹಕ ವಿಧಾನ, ಅಣುವಿನಿಂದ ಅಣುವಿಗೆ ಜಿಗಿಯುವುದು ಗ್ರೋಟಸ್ ವಿಧಾನ.

• ಮಿತಿ: ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪೊರೆ ಒಣಗಿ ವಾಹಕತೆ ಕುಸಿಯುತ್ತದೆ. ನೀರು ಅತಿಯಾದರೆ ವಿದ್ಯುದ್ವಾರದ ರಂಧ್ರಗಳು ತುಂಬಿ ಅನಿಲಕ್ಕೆ ದಾರಿ ಮುಚ್ಚುತ್ತದೆ. ಆದ್ದರಿಂದಲೇ ತೇವಾಂಶ ನಿಯಂತ್ರಣ ಅತ್ಯಗತ್ಯ.

• ಬಳಕೆ: ಇಂಧನ ಕೋಶ, ನೀರಿನ ವಿದ್ಯುದ್ವಿಭಜನೆ, ಕ್ಲೋರಿನ್–ಕಾಸ್ಟಿಕ್ ಸೋಡಾ ಉದ್ಯಮ.

ಮಾದರಿ ಪ್ರಶ್ನೆ: ನ್ಯಾಫಿಯಾನ್‌ನಲ್ಲಿ ನೀರನ್ನು ಸೆಳೆಯುವ ಗುಂಪು ಯಾವುದು?
ಉತ್ತರ: ಸಲ್ಫೋನಿಕ್ ಆಮ್ಲ ಗುಂಪು.