ರಸ್ತೆಯ ನಾಡಿ

ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕಗಳನ್ನು ಹಾದು ದೇವನಹಳ್ಳಿಯ ಕಡೆಗೆ ಸಾಗುವ ಹೆದ್ದಾರಿಗೆ ಹಗಲಿರುಳೂ ಬಿಡುವೆಂಬುದಿಲ್ಲ. ಹಿಂದೆ 7ನೆಯ ಸಂಖ್ಯೆಯಿಂದ ಪರಿಚಿತವಾಗಿದ್ದ ಈ ರಾಷ್ಟ್ರೀಯ ಹೆದ್ದಾರಿಯ ಇಂದಿನ ಸಂಖ್ಯೆ 44. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಆರಂಭವಾದ ಮೇಲೆ ಇದರ ಮೇಲಿನ ಸಂಚಾರ ಮತ್ತಷ್ಟು ಹೆಚ್ಚಿತು. ಇಂತಹ ರಸ್ತೆ ಇನ್ನೆಷ್ಟು ಭಾರವನ್ನು ತಾಳಬಲ್ಲದು? ಮೇಲೆ ನುಣುಪಾಗಿ ಕಾಣುವ ರಸ್ತೆಯೂ ಒಳಗೆ ದುರ್ಬಲವಾಗಿರಬಹುದು. ಆದುದರಿಂದ ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡುವಂತೆ ಇಂಜಿನಿಯರರು ರಸ್ತೆಯನ್ನು ಪರೀಕ್ಷಿಸುತ್ತಾರೆ.

ಅಮೆರಿಕದ ಇಂಜಿನಿಯರ್ ಎ. ಸಿ. ಬೆಂಕಲ್‌ಮನ್ 1953ರಲ್ಲಿ ಇದಕ್ಕೊಂದು ಸರಳ ಉಪಕರಣವನ್ನು ರೂಪಿಸಿದರು. ಅದು ಸನ್ನೆಗೋಲಿನ ತತ್ತ್ವದಂತೆ ಕೆಲಸ ಮಾಡುವ ಉದ್ದನೆಯ ತೊಲೆ. ಹಿಂದಿನ ಅಚ್ಚಿನ ಮೇಲೆ 8,170 ಕಿಲೋಗ್ರಾಂ ಭಾರವಿರುವ ಲಾರಿಯನ್ನು ನಿಲ್ಲಿಸಿ, ಅದರ ಜೋಡಿ ಚಕ್ರಗಳ ನಡುವೆ ತೊಲೆಯ ತುದಿಯನ್ನು ಇಡುತ್ತಾರೆ. ಲಾರಿ ಮೆಲ್ಲನೆ ಮುಂದೆ ಸರಿದಾಗ ಬಾಗಿದ್ದ ರಸ್ತೆ ಮೇಲೇಳುತ್ತದೆ. ಎಷ್ಟು ಎದ್ದಿತೆಂಬುದನ್ನು ತೊಲೆಯ ಇನ್ನೊಂದು ತುದಿಯ ಮಾಪಕದಿಂದ ಲೆಕ್ಕ ಹಾಕುತ್ತಾರೆ. ಬಾಗು ಹೆಚ್ಚಾದಷ್ಟೂ ರಸ್ತೆ ದುರ್ಬಲ.

ಆದರೆ ಇಲ್ಲೊಂದು ತೊಡಕಿದೆ. ಚಳಿಗಾಲದ ಮುಂಜಾನೆ ಗಟ್ಟಿಯಾಗಿರುವ ತುಪ್ಪ ಬಿಸಿಲೇರಿದಂತೆ ಮೆತ್ತಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಡಾಂಬರಿನ ಸ್ವಭಾವವೂ ಹೀಗೆಯೇ. ಧನುರ್ಮಾಸದ ನಸುಕಿನಲ್ಲಿ ಯಲಹಂಕದ ರಸ್ತೆ ಬಿರುಸಾಗಿರುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅದೇ ಕಪ್ಪು ಮೇಲ್ಮೈಯ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಆಗ ಅಷ್ಟೇ ಭಾರಕ್ಕೆ ಅದು ಹೆಚ್ಚು ಬಾಗುತ್ತದೆ.

ಈ ತೊಡಕಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು 1981ರಲ್ಲಿ ಪ್ರಕಟಿಸಿ 1997ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಪರಿಹಾರವಿದೆ. ರಸ್ತೆಯಲ್ಲಿ ಸುಮಾರು 40 ಮಿಲಿಮೀಟರ್ ಆಳದ ಸಣ್ಣ ರಂಧ್ರವನ್ನು ಕೊರೆದು, ಗ್ಲಿಸರಿನ್ ತುಂಬಿ, ಉಷ್ಣಮಾಪಕದಿಂದ ಒಳಗಿನ ಉಷ್ಣತೆಯನ್ನು ತಿಳಿಯಬೇಕು. ನಮ್ಮ ಬಯಲುಸೀಮೆಯಂತಹ ಪ್ರದೇಶಗಳಿಗೆ 35 ಡಿಗ್ರಿಯೇ ಮಾನಕ. ಅದಕ್ಕಿಂತ ಕಡಿಮೆಯಿದ್ದರೆ ಪ್ರತಿ ಡಿಗ್ರಿಗೆ 0.01 ಮಿಲಿಮೀಟರಿನಷ್ಟನ್ನು ಬಾಗಿಗೆ ಕೂಡಬೇಕು. ಹೆಚ್ಚಿದ್ದರೆ ಅಷ್ಟನ್ನೇ ಕಳೆಯಬೇಕು. ಒಂದೇ ಸ್ಥಳದಲ್ಲಿ ಬೆಳಿಗ್ಗೆ 31 ಡಿಗ್ರಿಯಿದ್ದಾಗ 0.96 ಮಿಲಿಮೀಟರ್, ಮಧ್ಯಾಹ್ನ 45 ಡಿಗ್ರಿಯಿದ್ದಾಗ 1.10 ಮಿಲಿಮೀಟರ್ ಬಾಗು ದೊರೆಯಿತೆಂದು ಭಾವಿಸೋಣ. ತಿದ್ದಿದ ಮೇಲೆ ಎರಡೂ 1.00 ಮಿಲಿಮೀಟರೇ ಆಗುತ್ತವೆ. ಬದಲಾದುದು ಹೊತ್ತು; ರಸ್ತೆ ಮೊದಲಿನದೇ.

ಈ ಸಣ್ಣ ಲೆಕ್ಕವನ್ನು ಕಡೆಗಣಿಸಿದರೆ ಆಗುವ ಹಾನಿ ಸಣ್ಣದಲ್ಲ. ತಂಪು ಹೊತ್ತಿನ ಅಳತೆಯನ್ನೇ ನಂಬಿದರೆ ದುರ್ಬಲ ರಸ್ತೆಯೂ ದೃಢವೆನಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಹೊಸ ಪದರ ಬೀಳುವುದಿಲ್ಲ. ಬಿರುಕುಗಳಿಗೆ ಮಳೆನೀರು ಇಳಿದು ಗುಂಡಿಗಳಾಗುತ್ತವೆ. ದಾರಿಹೋಕರ ಪ್ರಾಣಕ್ಕೇ ಕುತ್ತು ಬರಬಹುದು. ಸುಡುಬಿಸಿಲಿನ ಅಳತೆಯನ್ನು ತಿದ್ದದೆ ಬಳಸಿದರೆ ಗಟ್ಟಿ ರಸ್ತೆಗೂ ಅನಗತ್ಯ ಪದರ ಹಾಕಿ ಜನರ ತೆರಿಗೆಯ ಹಣ ಪೋಲಾಗುತ್ತದೆ.

ಭಾರವನ್ನು ಎತ್ತರದಿಂದ ಬೀಳಿಸಿ ಬಾಗನ್ನು ಅಳೆಯುವ ಹೊಸ ಯಂತ್ರಗಳು ಈಗ ಬಂದಿವೆ. ಅವುಗಳ ಬಳಕೆಗೂ 2014ರಲ್ಲಿ ಮಾರ್ಗಸೂಚಿ ಪ್ರಕಟವಾಯಿತು. ಅಲ್ಲಿಯೂ ಉಷ್ಣತೆಯ ತಿದ್ದುಪಡಿ ತಪ್ಪಿಲ್ಲ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ, ಯಾವ ಸ್ಥಿತಿಯಲ್ಲಿ ಅಳೆದದ್ದೆಂಬುದನ್ನು ಬರೆದಿಡದ ಅಳತೆ ಅಪೂರ್ಣವೇ ಸರಿ. ಶಾಲೆಯ ಪ್ರಯೋಗಶಾಲೆಯಲ್ಲಿ ಅಳತೆಗೆ ತೊಡಗುವ ವಿದ್ಯಾರ್ಥಿಗಳಿಗೂ ಈ ಮಾತು ನೆನಪಿರಬೇಕು.